ಗ್ಲಾಸನ್ನು ಬೋರಲು ಹಾಕಿ ನೋಡುವ ಅಂಗಡಿ

ಹುಬ್ಬಳ್ಳಿಯ ದುರ್ಗದಬೈಲಿನಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಈ ಹಳೆ ಸಾಮಾನಿನ ಅಂಗಡಿ ಇದೆ. ಬೋರ್ಡಿಲ್ಲ. ಬಾಗಿಲಲ್ಲಿ ಹಿತ್ತಾಳೆ ಕೊಡಗಳು, ಗಾಜಿನ ಸಾಮಾನೆಲ್ಲ ಒಳಗಿನ ಕಪಾಟಿನಲ್ಲಿ. ಹಳೆ ಗ್ಲಾಸು ಕೂಡಿಸುವವರು ಒಮ್ಮೆಯಾದ್ರೂ ಹೋಗಿ ಬರಲೇಬೇಕು.

ಹೋದ ವರ್ಷ ಬೇರೆ ಊರಲ್ಲಿ ‘ಇನ್ನೂರು ವರ್ಷದ್ದು’ ಅಂದಿದ್ದನ್ನು ನಂಬಿ, ₹3,000 ಕೊಟ್ಟು ಒಂದು ಜೊತೆ ವೈನ್ ಗ್ಲಾಸು ಕೊಂಡಿದ್ದೆ. ಅವನ್ನೇ ಇಲ್ಲಿಗೆ ಒಯ್ದೆ. ಮಾಲೀಕರು ಒಂದನ್ನು ಬೋರಲು ಹಾಕಿ, ತಳದ ನಡುವೆ ಹೆಬ್ಬೆರಳು ಆಡಿಸಿದರು. ಪೂರ್ತಿ ನುಣುಪು. ಊದಿ ಮಾಡಿದ ಹಳೆ ಗ್ಲಾಸಾದರೆ, ಹಿಡಿದಿದ್ದ ಕಬ್ಬಿಣದ ಸಲಾಕೆಯಿಂದ ಮುರಿದು ಬಿಡಿಸಿದ ಜಾಗದಲ್ಲಿ ಒರಟು ಕಲೆ ಇರುತ್ತೆ. ಅದೇ ಪಾಂಟಿಲ್ ಗುರುತು. 1700ರ ನಂತರದ ಎಷ್ಟೋ ಇಂಗ್ಲಿಷ್ ಗ್ಲಾಸುಗಳಲ್ಲಿ ಅದು ಬೆರಳಿಗೆ ಚುಚ್ಚುತ್ತೆ. ಮುಂದೆ ಅದನ್ನು ಉಜ್ಜಿ ನಯ ಮಾಡತೊಡಗಿದರು, ಆಗಲೂ ದುಂಡನೆ ತಗ್ಗು ಉಳಿಯುತ್ತೆ. ನನ್ನದರಲ್ಲಿ ಎರಡೂ ಇರಲಿಲ್ಲ. ದಂಟಿನ ಎರಡೂ ಬದಿಗೆ ಅಚ್ಚಿನ ಗೆರೆ ಬೇರೆ.

ಆಮೇಲೆ ಭೂತಗನ್ನಡಿ ಕೈಗೆ ಕೊಟ್ಟರು. ತಳದ ಗೀರುಗಳೆಲ್ಲ ಒಂದೇ ದಿಕ್ಕಿಗೆ! ಮೇಜಿನ ಮೇಲೆ ಇಟ್ಟು, ಎತ್ತಿ, ಸರಿಸಿ ಸವೆದಿದ್ದರೆ ಗೀರು ಹೀಗೆ ಸಾಲಾಗಿ ಇರ್ತಾವಾ? ಪಾಲಿಶ್ ಪೇಪರ್ ಹಾಕಿ ತಿಕ್ಕಿದ್ದಾರೆ. ಹೊಟ್ಟೆ ಉರಿಯಿತು. ಆದರೆ ಇಷ್ಟು ತಾಳ್ಮೆಯಿಂದ ಯಾರೂ ಹೇಳಿಕೊಟ್ಟಿರಲಿಲ್ಲ, ಅದಕ್ಕೆ ಒಂದು ರೂಪಾಯಿಯನ್ನೂ ಕೇಳಲಿಲ್ಲ.

ನಾನು ಕೊಂಡಿದ್ದು ಅಚ್ಚಿನಲ್ಲಿ ಒತ್ತಿದ ದಪ್ಪನೆಯ ಲೋಟ, ₹1,400. ಅದರ ಮೇಲೆ ಉಗುರಿನಷ್ಟು ವಜ್ರಾಕಾರದ ಮುದ್ರೆ ಇದೆ. ನೆತ್ತಿಯಲ್ಲಿ ರೋಮನ್ ಮೂರು, ಅಂದ್ರೆ ಗಾಜಿನ ವರ್ಗ. ಮೂಲೆಗಳಲ್ಲಿ ಅಕ್ಷರ, ಅಂಕಿ; ತಾರೀಕು ಸಿಗೋದು ಅವುಗಳಿಂದ. ಬ್ರಿಟನ್ನಿನಲ್ಲಿ ಈ ಮುದ್ರೆ ನಡೆದಿದ್ದು 1842ರಿಂದ 1883ರವರೆಗೆ. 1884ರಿಂದ ಬರೀ ನಂಬರ್ ಬಂತು. ‘ಇದು ನಮೂನೆ ನೋಂದಾಯಿಸಿದ ತಾರೀಕು, ಲೋಟ ಮಾಡಿದ ತಾರೀಕಲ್ಲ. ಲೋಟ ಒಂದಷ್ಟು ವರ್ಷ ಈಚಿನದೂ ಇರಬಹುದು’ ಅಂತ ಮಾರುವವರೇ ಹೇಳಿದರು. ನಾನು ಮತ್ತೆ ಮತ್ತೆ ಅಲ್ಲಿಗೆ ಹೋಗೋದು ಈ ಮಾತಿಗಾಗಿ.

ಒಳಗೆ ಬೆಳಕು ಸಾಲದು, ಟಾರ್ಚ್ ಇಟ್ಟುಕೊಂಡು ಹೋಗಿ. ಒಂದು ದಪ್ಪ ಟವೆಲ್ ಕೂಡ. ಅವರು ಒಂದೇ ಪದರ ಪೇಪರ್ ಸುತ್ತಿ ಕೊಡ್ತಾರೆ. ಚಿಗರಿ ಬಸ್ಸಿನಲ್ಲಿ ಧಾರವಾಡದವರೆಗೂ ಲೋಟವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ.