ಸಮುದ್ರ ಮೀನಿಗೆ ಬೆಳ್ಳುಳ್ಳಿ: ನಾಲ್ಕು ವರ್ಷ ಹಾಕಿ ನೋಡಿದ ಮೇಲೆ

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ, ಉಪ್ಪಿನಕಾಯಿಗೂ ಕೆಚಪ್‌ಗೂ ನಡುವೆ ಒಂದು ಸಣ್ಣ ಬಾಟಲಿ ಇದೆ. ಮನೆಗೆ ಬಂದ ನೆಂಟರೊಬ್ಬರು ಏನೋ ಸಾಸ್ ಇರಬೇಕು ಅಂತ ಮುಚ್ಚಳ ತೆಗೆದು ಮೂಸಿ, ಮುಖ ಸಿಂಡರಿಸಿ ವಾಪಸ್ ಇಟ್ಟಿದ್ದರು. ಅದು ನಾನು ಟ್ಯಾಂಕಿನಲ್ಲಿ ಸಾಕುವ ಸಮುದ್ರ ಮೀನುಗಳ ತಿಂಡಿಗೆ ಹಾಕುವ ಬೆಳ್ಳುಳ್ಳಿ ರಸ. ಮೊದಲ ಬಾಟಲಿ ತಂದಿದ್ದು 2021ರಲ್ಲಿ. ಈಗ ಇರುವುದು ಮೂರನೆಯದು. ನಾಲ್ಕನೆಯದು ತರುವುದಿಲ್ಲ.

ಹಾಗಂತ ಬೆಳ್ಳುಳ್ಳಿ ಬಿಟ್ಟಿಲ್ಲ. ಬಾಟಲಿ ಬಿಟ್ಟಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಬೆಳ್ಳುಳ್ಳಿಯಿಂದ ರೋಗ ವಾಸಿಯಾಗುತ್ತದೆ ಅನ್ನುವ ನಂಬಿಕೆ ಬಿಟ್ಟಿದ್ದೇನೆ. ಆ ನಂಬಿಕೆಗೆ ನಾನು ಕೊಟ್ಟ ಬೆಲೆ ಜಾಸ್ತಿ.

ಟ್ಯಾಂಕ್ ಬಗ್ಗೆ ಎರಡು ಮಾತು. ಬೆಂಗಳೂರಿನ ಮನೆಯ ಹಾಲಿನಲ್ಲಿ ಐದಡಿ ಉದ್ದದ್ದು, ಸುಮಾರು 450 ಲೀಟರ್. ಮಂಗಳೂರಾಗಲಿ ಚೆನ್ನೈ ಆಗಲಿ ಇಲ್ಲಿಂದ ಹತ್ತಿರ ಹತ್ತಿರ 350 ಕಿಲೋಮೀಟರ್. ಹಾಗಾಗಿ ಸಮುದ್ರದ ನೀರು ತರುವ ಮಾತೇ ಇಲ್ಲ. ಆರ್‌ಓ ನೀರಿಗೆ ಪ್ಯಾಕೆಟ್ ಸಮುದ್ರ ಉಪ್ಪು ಕಲಸಿ ಸಾಂದ್ರತೆಯನ್ನು ಸಮುದ್ರದ ನೀರಿನ ಹಾಗೆ 1.025ಕ್ಕೆ ತರುತ್ತೇನೆ. ಒಂದು ಜೋಡಿ ಕ್ಲೌನ್‌ಫಿಶ್, ಒಂದು ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು, ಎರಡು ಕ್ಲೀನರ್ ಸೀಗಡಿ, ಒಂದಷ್ಟು ಬಸವನಹುಳು ಇವೆ. ಹವಳ ಇಲ್ಲ. ಗಟ್ಟಿ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ, ಆ ತಂಟೆಗೇ ಹೋಗಿಲ್ಲ. ಒಂದು ಪೌಡರ್ ಬ್ಲೂ ಟ್ಯಾಂಗ್ ಅನ್ನುವ ಮೀನು ಕೂಡ ಇತ್ತು. ಈ ಬರಹ ಹೆಚ್ಚುಕಮ್ಮಿ ಅದರದ್ದೇ.

ಬೆಳ್ಳುಳ್ಳಿ ಅಂದರೆ ನಮ್ಮವರಿಗೆ ಮೊದಲೇ ಭಕ್ತಿ. ಶೀತಕ್ಕೆ ಬೆಳ್ಳುಳ್ಳಿ, ಗ್ಯಾಸಿಗೆ ಬೆಳ್ಳುಳ್ಳಿ, ಬಾಣಂತಿಗೆ ಬೆಳ್ಳುಳ್ಳಿ. ಮೀನಿಗೂ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ನಂಬಲು ಏನು ಕಷ್ಟ? ನಾನಂತೂ ಒಂದು ಪ್ರಶ್ನೆ ಕೇಳದೆ ನಂಬಿದೆ. ಅಂಗಡಿಯಲ್ಲಿ ಎರಡು ಗುಣ ಹೇಳಿದರು. ಒಂದು, ತಿನ್ನದ ಮೀನು ತಿನ್ನುತ್ತದೆ. ಎರಡು, ಬಿಳಿ ಚುಕ್ಕೆ ರೋಗ, ಅಂದರೆ ಎಲ್ಲರೂ ಇಕ್ ಅನ್ನುವುದು, ವಾಸಿಯಾಗುತ್ತದೆ. 250 ಮಿ.ಲೀ. ಬಾಟಲಿಗೆ 1,350 ರೂಪಾಯಿ ಕೊಟ್ಟು ಬಂದೆ.

ಪೌಡರ್ ಬ್ಲೂ ನೋಡಿದವರಿಗೆ ಅದರ ಮೋಹ ಗೊತ್ತು. ಮೈ ಆಕಾಶ ನೀಲಿ, ಮುಖ ಕಪ್ಪು, ಬೆನ್ನ ಮೇಲೆ ಹಳದಿ ರೆಕ್ಕೆ. ಹಿಂದೂ ಮಹಾಸಾಗರದ ಮೀನು, ಮಾಲ್ಡೀವ್ಸ್ ಕಡೆ ದಂಡುದಂಡಾಗಿ ಓಡಾಡುತ್ತದೆ. ಇಕ್ ಹಿಡಿಯುವುದರಲ್ಲೂ ಅದಕ್ಕೇ ಮೊದಲ ಸ್ಥಾನ. ನನ್ನ ಐದಡಿ ತೊಟ್ಟಿ ಅದಕ್ಕೆ ಸಾಲದು ಅನ್ನುವುದೂ ಆಮೇಲೆ ಅರ್ಥವಾಯಿತು. ಕ್ವಾರಂಟೈನ್ ಮಾಡಲಿಲ್ಲ. ಅಂಗಡಿಯಿಂದ ಸೀದಾ ಟ್ಯಾಂಕಿಗೆ.

ಆರನೇ ದಿನ ರೆಕ್ಕೆಯ ಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಚುಕ್ಕೆ ಬಂತು. ನಾನು ಗಾಬರಿಯಾಗಲಿಲ್ಲ, ಬಾಟಲಿ ಇದೆಯಲ್ಲ! ಮೈಸಿಸ್ ಸೀಗಡಿಯನ್ನು ರಸದಲ್ಲಿ ನೆನೆಸಿ ದಿನಕ್ಕೆ ಮೂರು ಹೊತ್ತು ಹಾಕಿದೆ. ನೋರಿ ಹಾಳೆಗೂ, ಅಂದರೆ ಒಣಗಿಸಿದ ಸಮುದ್ರ ಪಾಚಿಗೂ, ಸವರಿದೆ. ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಮೈ ಫಳಫಳ. ಒಂದು ಚುಕ್ಕೆ ಇಲ್ಲ. ಮೀನು ಸಾಕುವ ಗೆಳೆಯರಿಗೆಲ್ಲ ಫೋಟೋ ಕಳಿಸಿದೆ. ಬೆಳ್ಳುಳ್ಳಿಗೆ ಜೈ ಅಂತ ಬರೆದಿದ್ದೆ, ಇನ್ನೂ ಆ ಮೆಸೇಜ್ ಫೋನಿನಲ್ಲಿದೆ.

ಹತ್ತು ದಿನ ಕಳೆದ ಮೇಲೆ ಚುಕ್ಕೆ ವಾಪಸ್ ಬಂತು. ಈ ಸಲ ಎಣಿಸಲು ಆಗದಷ್ಟು. ಕಿವಿರು ಪಟಪಟ ಬಡಿಯುತ್ತಿತ್ತು, ನೀರು ತಳ್ಳುವ ಪಂಪಿನ ಮುಂದೆ ಬಾಯಿ ತೆರೆದು ನಿಂತಿತ್ತು. ಬೆಳ್ಳುಳ್ಳಿ ಹಾಕಲು ಹೋದರೆ ತಿನ್ನುವ ಸ್ಥಿತಿಯಲ್ಲೇ ಇರಲಿಲ್ಲ. ಭಾನುವಾರ ಮಧ್ಯಾಹ್ನ ಸತ್ತಿತು. ಆ ಹೊತ್ತಿಗೆ ಕ್ಲೌನ್‌ಫಿಶ್ ಮೈಮೇಲೂ ಚುಕ್ಕೆ ಕಾಣುತ್ತಿತ್ತು.

ಆಮೇಲೆ ಓದಲು ಕೂತೆ. ಮೊದಲೇ ಓದಬೇಕಿತ್ತು, ಸರಿ. ಈ ರೋಗ ತರುವುದು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಅನ್ನುವ ಒಂದೇ ಕೋಶದ ಜೀವಿ. ಅದು ಮೀನಿನ ಚರ್ಮದ ಮೇಲೆ ಕೂರುವುದಿಲ್ಲ, ಚರ್ಮದ ಮತ್ತು ಕಿವಿರಿನ ಮೇಲ್ಪದರದ ಅಡಿಗೆ ನುಗ್ಗಿ ಕೂರುತ್ತದೆ. ಅಲ್ಲಿ ಮೂರರಿಂದ ಏಳು ದಿನ ತಿಂದು ಕೊಬ್ಬುತ್ತದೆ. ಆಮೇಲೆ ತಾನಾಗಿಯೇ ಉದುರಿ, ಕಲ್ಲಿಗೋ ಮರಳಿಗೋ ಅಂಟಿಕೊಂಡು ಸುತ್ತ ಗೂಡು ಕಟ್ಟುತ್ತದೆ. ಆ ಗೂಡಿನೊಳಗೆ ಒಂದು ನೂರಾರಾಗುತ್ತದೆ. ಕೆಲವು ಗೂಡು ಬೇಗ ಒಡೆಯುತ್ತವೆ, ಕೆಲವು ವಾರಗಟ್ಟಲೆ ಸುಮ್ನೆ ಇರುತ್ತವೆ. ಒಡೆದ ಮೇಲೆ ಮರಿಗಳು ಈಜಿ ಮತ್ತೆ ಮೀನು ಹುಡುಕುತ್ತವೆ.

ಅಂದರೆ ನಾಲ್ಕನೇ ದಿನ ಚುಕ್ಕೆ ಹೋಗಿದ್ದು ಬೆಳ್ಳುಳ್ಳಿಯಿಂದಲ್ಲ. ಅದು ಹೇಗಿದ್ದರೂ ಹೋಗುತ್ತಿತ್ತು. ಆ ವಾರ ನಾನು ಮೀನಿಗೆ ಬೇವಿನೆಲೆ ತೋರಿಸಿದ್ದರೆ ಬೇವಿನೆಲೆಗೆ ಜೈ ಅನ್ನುತ್ತಿದ್ದೆ, ಅಷ್ಟೇ. ಬೆಳ್ಳುಳ್ಳಿ ಹಾಕಿ ವಾಸಿಯಾಯಿತು ಅನ್ನುವವರು ಸುಳ್ಳು ಹೇಳುತ್ತಿಲ್ಲ, ಕಂಡಿದ್ದನ್ನೇ ಹೇಳುತ್ತಿದ್ದಾರೆ. ಆದರೆ ಎರಡು ವಾರ ಆದ ಮೇಲೆ ಅವರ ಮೀನು ಹೇಗಿತ್ತು ಅಂತ ಕೇಳಬೇಕು. ಇನ್ನೊಂದು ಸರಳ ಲೆಕ್ಕವೂ ಇದೆ. ನುಂಗಿದ ಬೆಳ್ಳುಳ್ಳಿ ಹೋಗುವುದು ಹೊಟ್ಟೆಗೆ, ರೋಗ ಇರುವುದು ಚರ್ಮದ ಅಡಿ.

ಉಳಿದ ಮೀನುಗಳನ್ನು ಉಳಿಸಿದ್ದು ತಾಮ್ರ. ಬೇರೆ 60 ಲೀಟರ್ ಟ್ಯಾಂಕಿಗೆ ಹಾಕಿ, ದಿನಾ ಟೆಸ್ಟ್ ಕಿಟ್ಟಿನಲ್ಲಿ ಅಳೆಯುತ್ತಾ 30 ದಿನ ತಾಮ್ರದ ಔಷಧಿ ಕೊಟ್ಟೆ. ದೊಡ್ಡ ಟ್ಯಾಂಕಿಗೆ ತಾಮ್ರ ಹಾಕುವ ಹಾಗಿಲ್ಲ, ಸೀಗಡಿ ಬಸವನಹುಳು ಎಲ್ಲ ಸಾಯುತ್ತವೆ. ಅದನ್ನು 76 ದಿನ ಒಂದೂ ಮೀನಿಲ್ಲದೆ ಖಾಲಿ ಬಿಟ್ಟೆ. ಮೀನು ಸಿಗದಿದ್ದರೆ ಆ ಜೀವಿ ಬದುಕುವುದಿಲ್ಲ. ಎರಡೂವರೆ ತಿಂಗಳು ಹಾಲಿನಲ್ಲಿ ದೀಪ ಹಾಕಿದ ಖಾಲಿ ತೊಟ್ಟಿ. "ಸೀಗಡಿ ನೋಡಲು ಇಷ್ಟು ಕರೆಂಟ್ ಬಿಲ್ಲಾ?" ಅಂತ ಅಮ್ಮ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಾಗಾದರೆ ಬೆಳ್ಳುಳ್ಳಿ ಪೂರ್ತಿ ದಂಡವಾ? ಅಲ್ಲ. ಹೊಸದಾಗಿ ಬಂದ ಮೀನು ಮೊದಲ ವಾರ ತಿನ್ನಲು ಹಿಂದೆಮುಂದೆ ನೋಡುತ್ತದೆ. ಆಗ ಘಾಟು ವಾಸನೆಯ ತಿಂಡಿ ಕೆಲವು ಸಲ ಕೆಲಸ ಮಾಡುತ್ತದೆ. ನನ್ನ ನಾಲ್ಕು ವರ್ಷದಲ್ಲಿ ಹೀಗೆ ಮುಷ್ಕರ ಹೂಡಿದ ಮೀನು ಐದು. ಅದರಲ್ಲಿ ಮೂರು, ಬೆಳ್ಳುಳ್ಳಿ ಹಾಕಿದ ದಿನವೇ ಮೈಸಿಸ್ ಕಚ್ಚಿದವು. ಮಾರನೇ ದಿನ ಹಾಕದೇ ಇದ್ದರೂ ಕಚ್ಚುತ್ತಿದ್ದವೋ ಏನೋ, ಐದು ಮೀನಿನಿಂದ ಅಷ್ಟು ದೊಡ್ಡ ಮಾತು ಆಡಲಾರೆ. ಕಾಪರ್‌ಬ್ಯಾಂಡ್ ಮಾತ್ರ ಬೆಳ್ಳುಳ್ಳಿ ಕಡೆ ತಿರುಗಿಯೂ ನೋಡಲಿಲ್ಲ. ಒಂಬತ್ತು ದಿನ ಉಪವಾಸ. ಕೊನೆಗೆ ಮಂಗಳೂರಿನವರ ಮೀನಂಗಡಿಯಿಂದ ಮರುವಾಯಿ, ಅಂದರೆ ಕಪ್ಪೆಚಿಪ್ಪು, ತಂದು, ಚಿಪ್ಪು ಬಿಡಿಸಿ ಅರ್ಧ ಚಿಪ್ಪಿನ ಸಮೇತ ಇಳಿಬಿಟ್ಟೆ. ಹತ್ತು ನಿಮಿಷದಲ್ಲಿ ಆ ಉದ್ದ ಮೂತಿ ಒಳಗೆ ಹೋಗಿತ್ತು. ಕಾಪರ್‌ಬ್ಯಾಂಡ್ ಸಾಕುವವರಿಗೆ ನನ್ನ ಸಲಹೆ ಮರುವಾಯಿಯೇ.

ಚೆನ್ನಾಗಿ ತಿನ್ನುವ ಮೀನಿಗೆ ದಿನಾ ಬೆಳ್ಳುಳ್ಳಿ ಹಾಕುವುದು ಸುಮ್ನೆ ಖರ್ಚು. ಕ್ಲೌನ್‌ಫಿಶ್‌ಗೆ ಎರಡು ವಾರ ಹಾಕಿ, ಎರಡು ವಾರ ಬಿಟ್ಟು ನೋಡಿದೆ. ಅವು ಎರಡು ಸಲವೂ ನನ್ನ ಬೆರಳನ್ನೂ ಬಿಡದ ಹಾಗೆ ತಿಂದವು.

ಇನ್ನು ಬಾಟಲಿಯೋ ಅಡುಗೆಮನೆಯೋ ಅನ್ನುವ ಪ್ರಶ್ನೆ. ಬೆಳ್ಳುಳ್ಳಿಯ ಘಾಟು ಇಡೀ ಎಸಳಿನಲ್ಲಿ ಇರುವುದಿಲ್ಲ. ಅಲಿಯಿನ್ ಅನ್ನುವ ವಸ್ತು ಒಂದು ಕಡೆ, ಅಲಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಸೇರಿ ಘಾಟು ಕೊಡುವ ಅಲಿಸಿನ್ ಆಗುತ್ತದೆ. ಬಿಸಿ ಮಾಡಿದರೆ ಕಿಣ್ವ ಕೆಡುತ್ತದೆ. ಅಲಿಸಿನ್ ತುಂಬಾ ದಿನ ಹಾಗೇ ನಿಲ್ಲುವ ವಸ್ತುವೂ ಅಲ್ಲ. ಹಾಗಾಗಿ ಆಗ ತಾನೇ ಜಜ್ಜಿದ್ದೇ ಜೋರು. ನಾನು ಮೂರು ಸಲ ಮೂರು ಬೇರೆ ಬ್ರಾಂಡ್ ತಂದಿದ್ದೆ. ಆರು ತಿಂಗಳಾದ ಮೇಲೆ ಮೂರರಲ್ಲೂ ವಾಸನೆ ಸಪ್ಪೆಯಾಗಿತ್ತು. ಬಾಟಲಿಗೆ ನನ್ನ ಅಂಕ ಐದರಲ್ಲಿ ಎರಡು, ಅದೂ ಕೈಗೆ ವಾಸನೆ ಹತ್ತದ ಅನುಕೂಲಕ್ಕೆ.

ಈಗ ನಾನು ಮಾಡುವುದು ಇಷ್ಟು. ನಾಟಿ ಬೆಳ್ಳುಳ್ಳಿಯ ಒಂದು ಎಸಳು ಕುಟ್ಟಾಣಿಯಲ್ಲಿ ಜಜ್ಜಿ ಹತ್ತು ನಿಮಿಷ ಬಿಡುತ್ತೇನೆ. ಎರಡು ಚಮಚ ಆರ್‌ಓ ನೀರು ಸೇರಿಸಿ ಟೀ ಸೋಸುವ ಜರಡಿಯಲ್ಲಿ ಸೋಸುತ್ತೇನೆ. ಕರಗಿಸಿದ ಮೈಸಿಸ್ ಅದರಲ್ಲಿ 15 ನಿಮಿಷ ನೆನೆಯುತ್ತದೆ. ಹಾಕುವ ಮುಂಚೆ ರಸ ಬಸಿಯಲೇಬೇಕು, ಇಲ್ಲದಿದ್ದರೆ ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಹಟ ಹಿಡಿಯುತ್ತದೆ. ಒಂದು ದಿನ ಬಸಿಯದೆ ಸುರಿದು ಆಫೀಸಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಸ್ಕಿಮ್ಮರ್ ಕಪ್ ತುಂಬಿ ಹರಿದು ಕ್ಯಾಬಿನೆಟ್ಟೆಲ್ಲಾ ಕಂದು ನೀರು. ಮೆಡಿಕಲ್ ಶಾಪಿನ ಬೆಳ್ಳುಳ್ಳಿ ಎಣ್ಣೆ ಕ್ಯಾಪ್ಸೂಲ್ ಚುಚ್ಚಿ ಹಾಕಿದ ದಿನ ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿತು. ಅದೂ ಬೇಡ. ನಾನು ಊರಿಗೆ ಹೋಗಿದ್ದಾಗ ಹೆಂಡತಿ ಅಂಗಡಿಯ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಾಕಲು ಹೊರಟು, ಅನುಮಾನ ಬಂದು ಫೋನ್ ಮಾಡಿದಳು. ಪುಣ್ಯ. ಅದರಲ್ಲಿ ಉಪ್ಪು, ಎಣ್ಣೆ, ಕೆಡದಂತೆ ಹಾಕುವ ರಾಸಾಯನಿಕ ಎಲ್ಲ ಇರುತ್ತದೆ.

ದುಡ್ಡಿನ ಲೆಕ್ಕ ಹೇಳುವುದೇ ಬೇಡ. 2024ರ ಶುರುವಿನಲ್ಲಿ ಬೆಳ್ಳುಳ್ಳಿ ಕೆಜಿಗೆ 400 ದಾಟಿದಾಗ, "ಸಾರಿಗೇ ಇಲ್ಲ, ನಿನ್ನ ಮೀನಿಗೆ ಬೇರೆ ಬೇಕಾ?" ಅಂತ ಅಮ್ಮ ಡಬ್ಬಿ ಎತ್ತಿಟ್ಟಿದ್ದರು. ಆಗಲೂ ಒಂದು ಎಸಳಿನ ಬೆಲೆ ಬಾಟಲಿಯ ಲೆಕ್ಕಕ್ಕೆ ಏನೂ ಅಲ್ಲ.

ಕ್ವಾರಂಟೈನ್ ಟ್ಯಾಂಕ್ ಈಗ ಕಾಯಂ ಆಗಿದೆ. ಹೊಸ ಮೀನು ಯಾವುದೇ ಇರಲಿ, ಮೊದಲ 30 ದಿನ ಅಲ್ಲಿ. ಈ ವಾರ ಅಲ್ಲೊಂದು ಪುಟ್ಟ ರಾಯಲ್ ಗ್ರಾಮಾ ಇದೆ. ಮೊದಲ ಮೂರು ದಿನ ಪೈಪಿನ ತುಂಡಿನಿಂದ ಆಚೆ ಬರಲಿಲ್ಲ. ನಾಲ್ಕನೇ ದಿನ ಬೆಳ್ಳುಳ್ಳಿ ಹಾಕಿದ ಮೈಸಿಸ್ ಒಂದೆರಡು ಎಳೆದುಕೊಂಡು ಒಳಗೆ ಓಡಿತು. ನಿನ್ನೆ ಬೆಳ್ಳುಳ್ಳಿ ಇಲ್ಲದ್ದನ್ನೂ ತಿಂತು. ಕುಟ್ಟಾಣಿ ತೊಳೆದು ಅಮ್ಮನಿಗೆ ವಾಪಸ್ ಕೊಟ್ಟಿದ್ದೇನೆ.