ಲೀ-ಎನ್‌ಫೀಲ್ಡೋ, ಮೋಸಿನ್-ನಾಗಾಂಟೋ?
ಅಮೆರಿಕದಲ್ಲಿದ್ದು ಹಳೆಯ ಸೇನಾ ರೈಫಲ್ ಕೊಳ್ಳಹೊರಟವರಿಗೆ ಈ ಗೊಂದಲ ಸಹಜ. ಗುಂಡು ಹಾರಿಸುವ ಸುಖವೇ ಮುಖ್ಯವಾದರೆ ಕಣ್ಣುಮುಚ್ಚಿ ಬ್ರಿಟನ್ನಿನ ಲೀ-ಎನ್‌ಫೀಲ್ಡ್ ನಂ. 4 ಎನ್ನುತ್ತೇನೆ. ಮ್ಯಾಗಜಿನ್‌ನಲ್ಲಿ (ಗುಂಡು ತುಂಬುವ ಪೆಟ್ಟಿಗೆ) 10 ಗುಂಡು. ಪ್ರತಿ ಗುಂಡಿಗೂ ಕೈಯಿಂದ ಎಳೆದು ತಳ್ಳುವ ಬೋಲ್ಟಿನ ಹಿಡಿ ಕೈಗೆ ಹತ್ತಿರ, ಎಳೆತ ಚಿಕ್ಕದು. ರಷ್ಯಾದ ಮೋಸಿನ್ 91/30ರಲ್ಲಿ 5 ಗುಂಡು. ಬೋಲ್ಟ್ ಬಿರುಸು, ಕೆಲವೊಮ್ಮೆ ಅಂಗೈಯಿಂದ ಗುದ್ದಿಯೇ ತೆರೆಯಬೇಕು! ಆದರೆ 1891ರ ಆ ವಿನ್ಯಾಸ ಒರಟು ಬಳಕೆಗೆ ಜಗ್ಗುವುದಿಲ್ಲ.

ಮೋಸಿನ್ ಆದರೆ ಎಚ್ಚರ: ಹಳೆಯ ಸೋವಿಯತ್ ಗುಂಡಿನ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ನಳಿಗೆಯೊಳಗೆ ಉಪ್ಪು ಬಿಡುತ್ತದೆ. ಅದೇ ದಿನ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರದಿದ್ದರೆ ತುಕ್ಕು ಖಚಿತ. ಎನ್‌ಫೀಲ್ಡ್ ಆದರೆ ಬೋಲ್ಟ್ ಮತ್ತು ಅದು ಕೂರುವ ಲೋಹದ ಚೌಕಟ್ಟಾದ ರಿಸೀವರ್ ಮೇಲಿನ ಸಂಖ್ಯೆ ತಾಳೆಯಾಗುತ್ತವೆಯೇ ನೋಡಿ. ಬಂದೂಕು ರಿಪೇರಿಯವರಿಂದ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿನ ಮುಖಕ್ಕೂ ನಳಿಗೆಯಲ್ಲಿ ಗುಂಡು ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಅಳೆಸಿ.

ಭಾರತದ ನಂಟು ಬೇಕೆ? ಪಶ್ಚಿಮ ಬಂಗಾಳದ ಇಷಾಪುರದಲ್ಲಿ ತಯಾರಾದ ಎನ್‌ಫೀಲ್ಡ್ 2ಎ1 ಹುಡುಕಿ: 7.62 ಮಿ.ಮೀ. ನೇಟೋ ಗುಂಡು, 12ರ ಮ್ಯಾಗಜಿನ್.