ಸದ್ದಿನ ಜೊತೆ ಹಕಾರವೂ ಹೋಯ್ತು: ಬ್ರೌಸರ್‌ನಲ್ಲೇ ಧ್ವನಿ ಶುದ್ಧ ಮಾಡುವ ಎಐಗಳ ಹೋಲಿಕೆ

‘ಹಾಲು ಹಳಸಿದೆ, ನಾಳೆ ಹೊಸದು ತರೋದಿಲ್ಲ.’ ತಲೆ ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಿರುವಾಗ ಈ ಒಂದು ವಾಕ್ಯವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಸದ್ದು ತೆಗೆಯುವ ಯಾವುದೇ ಎಐಗೆ ಕೊಟ್ಟು ನೋಡಿ. ಫ್ಯಾನ್ ಸದ್ದನ್ನು ಈಗ ಎಲ್ಲವೂ ತೆಗೆಯುತ್ತವೆ, ಅದರಲ್ಲಿ ಹೆಚ್ಚು ಕಡಿಮೆ ಹೇಳಲು ಏನೂ ಇಲ್ಲ. ಕಿವಿಗೊಡಬೇಕಾದ್ದು ಎರಡು ಕಡೆ. ‘ಹಾಲು’ ಹೋಗಿ ‘ಆಲು’ ಆಗಿದೆಯೇ? ಕೊನೆಯ ‘ಇಲ್ಲ’ ಉಳಿದಿದೆಯೇ?

ಹಕಾರ ಬರೀ ಉಸಿರು. ಅದರ ಧ್ವನಿಚಿತ್ರ, ಅಂದರೆ ಯಾವ ಕಂಪನ ಎಷ್ಟಿದೆ ಎಂಬ ನಕ್ಷೆ, ಫ್ಯಾನ್ ಗಾಳಿಯ ಧ್ವನಿಚಿತ್ರಕ್ಕೆ ತೀರಾ ಹತ್ತಿರ. ‘ಛತ್ರಿ’, ‘ಘಂಟೆ’, ‘ಖಂಡ’ಗಳ ಮಹಾಪ್ರಾಣವೂ ಹಾಗೇ. ಇನ್ನು ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ನಿಷೇಧ ಬರುವುದು ಆ ಕ್ರಿಯಾಪದದ ಬಾಲಕ್ಕೆ. ಮಾತಾಡುವವರ ದನಿ ಇಳಿಯುವುದೂ ಅಲ್ಲೇ. ಆ ಇಳಿದ ದನಿಯನ್ನು ಎಐ ಸದ್ದೆಂದು ಬಗೆದರೆ ‘ತರೋದಿಲ್ಲ’ ಎನ್ನುವುದು ‘ತರೋದು’ ಆಗಿ ಕುಳಿತಿರುತ್ತದೆ. ಸಂದರ್ಶನ ಮಾಡುವವರಿಗೆ ಇದು ನಗುವ ವಿಷಯವಲ್ಲ.

ನಾಲ್ಕು ಎಐಗಳ ಹೋಲಿಕೆಗೆ ಬಳಸಿದ್ದು ಮೂರು ನಿಮಿಷದ ಒಂದೇ ತುಣುಕು: 48 ಕಿಲೋಹರ್ಟ್ಸ್, 16 ಬಿಟ್, ಮೋನೋ ವೇವ್ ಫೈಲ್. ಮೊದಲ 10 ಸೆಕೆಂಡ್ ಬರೀ ಫ್ಯಾನ್. ನಂತರ ಅದರ ಮೇಲೆ ಮಾತು, ನಡುವೆ ಕುಕ್ಕರ್ ಸೀಟಿ, ಬೀದಿಯ ಆಟೋ ಹಾರ್ನ್, ಪಕ್ಕದ ಕೋಣೆಯ ಟೀವಿ ಧಾರಾವಾಹಿ. ಕೊನೆಯ ಭಾಗ ಪರದೆ, ಚಾಪೆ ಏನೂ ಇಲ್ಲದ ಕಾವಿ ನೆಲದ ಹಜಾರದಲ್ಲಿ. ಫಲಿತಾಂಶಗಳನ್ನೆಲ್ಲ -16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಜೋರಿನ ಅಳತೆ) ಮಟ್ಟಕ್ಕೆ ತಂದ ಮೇಲೇ ಕೇಳಬೇಕು. ಇಲ್ಲದಿದ್ದರೆ ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ, ಕಿವಿಗೆ ಇರುವ ಹಳೇ ಚಾಳಿ ಅದು. ವಾಟ್ಸಾಪ್‌ನಲ್ಲಿ ಬಂದ ವಾಯ್ಸ್ ನೋಟ್ ಬೇಡ. ಅದು ಆಗಲೇ ಓಪಸ್ ಎಂಬ ಧ್ವನಿ ಕುಗ್ಗಿಸುವ ಕೋಡೆಕ್‌ನಲ್ಲಿ ಹಿಂಡಿ ಹಿಪ್ಪೆಯಾಗಿರುತ್ತದೆ, ಹಕಾರದ ಅರ್ಧ ಅಲ್ಲೇ ಹೋಗಿರುತ್ತದೆ. ಮೂಲ ಫೈಲನ್ನೇ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ.

ಮೊದಲನೆಯದು ಆರ್‌ಎನ್‌ನಾಯ್ಸ್ (RNNoise). ಓಪಸ್ ಕೋಡೆಕ್ ರೂಪಿಸಿದವರಲ್ಲಿ ಒಬ್ಬರಾದ ಜ್ಯಾಂ-ಮಾರ್ಕ್ ವಾಲಾಂ 2017ರಲ್ಲಿ ಹೊರತಂದ ಪುಟ್ಟ ಎಐ ಮಾದರಿ ಇದು. ಬ್ರೌಸರ್‌ಗೆ ಅರ್ಥವಾಗುವ ವೆಬ್‌ಅಸೆಂಬ್ಲಿ ರೂಪಕ್ಕೆ ಇಳಿಸಿದರೆ ಬ್ರೌಸರ್ ಒಳಗೇ ಓಡುತ್ತದೆ, ವಿಡಿಯೋ ಕರೆಯ ಜಿಟ್ಸಿ ಮೀಟ್ ಬಳಸುವುದೂ ಇದನ್ನೇ. ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಇಂಥ ಮಾತನ್ನು ಹೇಳುವ ಪುಟಗಳು ಬಹಳ, ಎಲ್ಲವನ್ನೂ ನಂಬಬೇಕಿಲ್ಲ: ಪುಟ ಪೂರ್ತಿ ತೆರೆದುಕೊಂಡ ಮೇಲೆ ವೈಫೈ ಆಫ್ ಮಾಡಿ, ಆಮೇಲೆ ಫೈಲ್ ಕೊಡಿ. ಕೆಲಸ ಮಾಡಿದರೆ ನಿಜವಾಗಿಯೂ ಒಳಗೇ ನಡೆಯುತ್ತಿದೆ ಎಂದರ್ಥ.

ಇದರ ಬಲವೂ ಮಿತಿಯೂ ಒಂದೇ ಕಡೆಯಿಂದ ಬಂದದ್ದು. ಧ್ವನಿಯನ್ನು 10 ಮಿಲಿಸೆಕೆಂಡಿನ ತುಂಡುಗಳಾಗಿ, ಪ್ರತಿ ತುಂಡನ್ನು 22 ಕಂಪನ ಪಟ್ಟಿಗಳಾಗಿ ವಿಂಗಡಿಸಿ, ಒಂದೊಂದು ಪಟ್ಟಿಯ ಮಟ್ಟವನ್ನು ಏರಿಸಿ ಇಳಿಸುತ್ತದೆ. ಮೇಲಿನ ಪಟ್ಟಿಗಳು ಅಗಲ. ಶಕಾರವೂ ಫ್ಯಾನ್ ಗಾಳಿಯೂ ಒಂದೇ ಪಟ್ಟಿಯಲ್ಲಿ ಇದ್ದಾಗ ಇಟ್ಟರೆ ಎರಡನ್ನೂ ಇಡಬೇಕು, ತೆಗೆದರೆ ಎರಡನ್ನೂ ತೆಗೆಯಬೇಕು. ಹಾಗಾಗಿ ಮಾತಾಡುವಾಗ ಫ್ಯಾನ್ ಹಿಂದಿನಿಂದ ಇಣುಕುತ್ತದೆ, ಮಾತು ನಿಂತಾಗ ತಟಕ್ಕನೆ ಮಾಯವಾಗುತ್ತದೆ. ಈ ಬಂದುಹೋಗುವ ಆಟ ಹೆಡ್‌ಫೋನ್‌ನಲ್ಲಿ ಸ್ಪಷ್ಟ. ಆದರೆ ‘ಹಾಲು’ ಹಾಲಾಗಿಯೇ ಉಳಿಯಿತು. ಕುಕ್ಕರ್ ಸೀಟಿಗೆ ಇದರ ಬಳಿ ಮದ್ದಿಲ್ಲ, ಹಜಾರದ ಗುಂಯ್‌ಗುಟ್ಟುವಿಕೆಗೂ, ಅಂದರೆ ಪ್ರತಿಧ್ವನಿಗೂ ಇಲ್ಲ. ಇದನ್ನು ನಿಮ್ಮದೇ ಪುಟಕ್ಕೆ ಜೋಡಿಸುವವರಿಗೆ ಒಂದು ಎಚ್ಚರಿಕೆ: ಮಾದರಿಗೆ 48 ಕಿಲೋಹರ್ಟ್ಸ್‌ನ 480 ಸ್ಯಾಂಪಲ್‌ಗಳೇ ಬೇಕು, ಅಳತೆಯೂ 16 ಬಿಟ್ ವ್ಯಾಪ್ತಿಯಲ್ಲೇ ಇರಬೇಕು. ಬ್ರೌಸರ್ ಕೊಡುವುದು -1ರಿಂದ +1ರವರೆಗಿನ ಸಂಖ್ಯೆ. 32768ರಿಂದ ಗುಣಿಸದೆ ಹಾಗೇ ಕೊಟ್ಟರೆ ಮಾತೆಲ್ಲ ಅದಕ್ಕೆ ಮೌನದ ಹಾಗೆ ಕಾಣುತ್ತದೆ.

ಡೀಪ್‌ಫಿಲ್ಟರ್‌ನೆಟ್ ಒಂದು ಮೆಟ್ಟಿಲು ಮೇಲೆ. ಜರ್ಮನಿಯ ಎರ್ಲಾಂಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮುಕ್ತ ಮಾದರಿ. ಎಐ ಮಾದರಿಗಳನ್ನು ಹಂಚಿಕೊಳ್ಳುವ ಹಗ್ಗಿಂಗ್ ಫೇಸ್ ತಾಣದ ಪ್ರದರ್ಶನ ಪುಟದಲ್ಲಿ ರುಚಿ ನೋಡಬಹುದು, ಆದರೆ ಅಲ್ಲಿ ಕೆಲಸ ನಡೆಯುವುದು ಅವರ ಸರ್ವರ್‌ನಲ್ಲಿ. ಪಟ್ಟಿಗಳ ಮಟ್ಟ ಹೊಂದಿಸಿದ ಮೇಲೆ, ಕೆಳಗಿನ ಕಂಪನಗಳಲ್ಲಿ ಇನ್ನೊಮ್ಮೆ ಸೂಕ್ಷ್ಮವಾಗಿ ಸೋಸುತ್ತದೆ. ಸ್ವರಗಳ ನಡುವೆ ಅಡಗಿದ ಗುಂಯ್ ಸದ್ದು ಹೋಗುವುದು ಈ ಎರಡನೇ ಸೋಸುವಿಕೆಯಲ್ಲಿ. ಹಾರ್ನ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ವಾಕ್ಯದ ಕೊನೆಯ ‘ಲ್ಲ’ ಮಾತ್ರ ಒಮ್ಮೊಮ್ಮೆ ತೆಳ್ಳಗಾಯಿತು. ಇದನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು ಓಡಿಸುವವರಿಗೆ ಸದ್ದನ್ನು ಎಷ್ಟು ಡೆಸಿಬಲ್‌ವರೆಗೆ ಮಾತ್ರ ಇಳಿಸಬೇಕು ಎಂದು ಮಿತಿ ಹಾಕುವ ಅವಕಾಶವಿದೆ. 12ರಿಂದ 18ರ ನಡುವೆ ಇಟ್ಟರೆ ‘ಇಲ್ಲ’ ಮರಳಿ ಬರುತ್ತದೆ.

ಮೂರನೆಯದು ಆಫೋನಿಕ್ ಎಂಬ ಜಾಲತಾಣ. ಆಸ್ಟ್ರಿಯಾದ್ದು, ತಿಂಗಳಿಗೆ 2 ಗಂಟೆಯಷ್ಟು ಧ್ವನಿ ಉಚಿತ. ಒಂದೇ ಗುಂಡಿ ಒತ್ತಿ ಕೈಕಟ್ಟಿ ಕೂರುವವರಿಗೆ ಇದು ತಲೆನೋವು ಅನ್ನಿಸಬಹುದು, ಆದರೆ ಅದರ ಗುಣ ಇರುವುದೇ ಹಲವು ಗುಂಡಿಗಳಲ್ಲಿ. ಸದ್ದು ತೆಗೆಯುವುದಕ್ಕೆ ಬೇರೆ ಬೇರೆ ವಿಧಾನ: ಒಂದೇ ಸಮ ಇರುವ ಗುಂಯ್‌ಗೆ ಸ್ಟ್ಯಾಟಿಕ್, ಬದಲಾಗುವ ಸದ್ದಿಗೆ ಡೈನಮಿಕ್, ಮಾತೊಂದನ್ನು ಬಿಟ್ಟು ಸಂಗೀತವನ್ನೂ ತೆಗೆಯಲು ಸ್ಪೀಚ್ ಐಸೊಲೇಶನ್. ಎಷ್ಟು ಡೆಸಿಬಲ್ ತೆಗೆಯಬೇಕು ಎನ್ನುವುದೂ ನಿಮ್ಮ ಕೈಯಲ್ಲೇ. ಕನ್ನಡದ ಮಾತಿಗೆ ಡೈನಮಿಕ್ ಇಟ್ಟು 12 ಡೆಸಿಬಲ್‌ನಿಂದ ಶುರುಮಾಡಿ. ಸಾಲದಿದ್ದರೆ 18. ಅದಕ್ಕೂ ಮೇಲೆ ಹೋಗಬೇಕಾಗಿ ಬಂದರೆ ಮೈಕನ್ನು ಬಾಯಿಯ ಹತ್ತಿರ ಇಟ್ಟು ಮತ್ತೆ ರೆಕಾರ್ಡ್ ಮಾಡುವುದೇ ಬೇಗ ಮುಗಿಯುವ ಕೆಲಸ.

ಈ ವಿಧಾನಗಳ ವ್ಯತ್ಯಾಸ ಗಮಕ ವಾಚನದಲ್ಲಿ ಎದ್ದು ಕಾಣುತ್ತದೆ. ತಂಬೂರಿ ಅಥವಾ ಶ್ರುತಿಪೆಟ್ಟಿಗೆಯ ನಾದ ಒಂದೇ ಸಮ ಹರಿಯುವಂಥದ್ದು. ಮಾತನ್ನು ಮಾತ್ರ ಉಳಿಸಲು ಕಲಿತ ಎಐಗೆ ಅದೂ ಒಂದು ಫ್ಯಾನ್. ಶ್ರುತಿ ಹೋಗಿ ಗಮಕಿಯ ದನಿ ಒಂಟಿಯಾಗಿ ನಿಲ್ಲುತ್ತದೆ, ಎಳೆದ ಸ್ವರವೂ ನಡುವೆ ತುಂಡಾಗುತ್ತದೆ. ಹಾಡು, ಗಮಕ, ತಾಳಮದ್ದಳೆ ಇದ್ದರೆ ಮಾತು ಬೇರ್ಪಡಿಸುವ ವಿಧಾನವನ್ನು ಮುಟ್ಟಲೇಬೇಡಿ.

ನಾಲ್ಕನೆಯದು ಅಡೋಬಿ ಪಾಡ್‌ಕಾಸ್ಟ್‌ನ ಎನ್‌ಹ್ಯಾನ್ಸ್ ಸ್ಪೀಚ್. ಹೆಚ್ಚಿನವರು ಮೊದಲು ಹೋಗುವುದು ಇಲ್ಲಿಗೇ. ಉಚಿತ ಖಾತೆಗೆ ಒಂದು ಫೈಲ್ 30 ನಿಮಿಷ, ದಿನಕ್ಕೆ 1 ಗಂಟೆ ಎಂಬ ಮಿತಿ. ಇದು ಆಗಾಗ ಬದಲಾಗುತ್ತದೆ, ಪುಟದಲ್ಲೇ ನೋಡಿಕೊಳ್ಳಿ. ಸದ್ದಿನ ಜೊತೆ ಹಜಾರದ ಗುಂಯ್‌ಗುಟ್ಟುವಿಕೆಯನ್ನೂ ತೆಗೆದು ದನಿಯನ್ನು ಸ್ಟುಡಿಯೋಗೆ ಕರೆತರುತ್ತದೆ; ಕಾವಿ ನೆಲದ ತುಣುಕಿನಲ್ಲಿ ನಾಲ್ಕರಲ್ಲಿ ಗೆದ್ದದ್ದು ಇದೇ.

ಇಷ್ಟು ದೂರ ಹೋಗುವ ಸಾಧನಗಳ ವಿಷಯದಲ್ಲಿ, ಹೆಸರು ಯಾವುದೇ ಇರಲಿ, ಒಂದು ಮಾತು ತಿಳಿದಿರಬೇಕು. ಕೆಲವು ಮಾದರಿಗಳು ಸದ್ದನ್ನು ಸೋಸಿ ನಿಲ್ಲುವುದಿಲ್ಲ, ದನಿಯನ್ನೇ ಹೊಸದಾಗಿ ಕಟ್ಟುತ್ತವೆ. ಮಾತು ಸ್ಪಷ್ಟವಿದ್ದಲ್ಲಿ ಫಲಿತಾಂಶ ಬೆರಗು ಹುಟ್ಟಿಸುವಂತಿರುತ್ತದೆ. ಮಾತು ಸದ್ದಿನಲ್ಲಿ ಮುಳುಗಿದಲ್ಲಿ ಅವು ಊಹಿಸುತ್ತವೆ: ಲಕಾರ ಳಕಾರ ಅದಲುಬದಲು, ಗೊಣಗಿದ ಪದದ ಜಾಗದಲ್ಲಿ ಯಾವ ಭಾಷೆಯದೂ ಅಲ್ಲದ ಉಲಿ. ಸದ್ದಿದ್ದರೆ ಕೇಳುಗ ‘ಕೇಳಿಸಲಿಲ್ಲ’ ಅನ್ನುತ್ತಾನೆ, ಇಲ್ಲಿ ತಪ್ಪನ್ನೇ ಸರಿಯೆಂದು ಕೇಳಿಸಿಕೊಳ್ಳುತ್ತಾನೆ. ಹಿರಿಯರ ನೆನಪು, ಸಾಕ್ಷಿ ಹೇಳಿಕೆ, ಆಡುಮಾತಿನ ಅಧ್ಯಯನಕ್ಕೆ ಈ ಬಗೆ ಬೇಡ. ಯೂಟ್ಯೂಬ್ ಅಡುಗೆ ವಿಡಿಯೋಗೆ ಧಾರಾಳವಾಗಿ ಬಳಸಿ, ಕೊನೆಗೊಮ್ಮೆ ಪೂರ್ತಿ ಕೇಳಿ.

ಪಕ್ಕದ ಕೋಣೆಯ ಟೀವಿಗೆ ನಾಲ್ಕರಲ್ಲೂ ಪರಿಹಾರ ಸಿಗಲಿಲ್ಲ. ಅದೂ ಮಾತೇ ಅಲ್ಲವೇ! ನಿಮ್ಮ ದನಿ ನಿಂತಲ್ಲೆಲ್ಲ ಅತ್ತೆ-ಸೊಸೆಯರ ಜಗಳ ಇನ್ನಷ್ಟು ಶುದ್ಧವಾಗಿ ಕೇಳಿಸುತ್ತದೆ.

ಸೋಸುವ ಬಗೆಯವು ಹಕಾರ ತಿಂದಿದ್ದರೆ ಮೂಲವನ್ನು ಸ್ವಲ್ಪ ಬೆರೆಸಿ. ಧ್ವನಿ ತಿದ್ದುವ ಉಚಿತ ತಂತ್ರಾಂಶ ಅಡಾಸಿಟಿಯಲ್ಲಿ ಶುದ್ಧವಾದದ್ದು ಮೇಲೆ, ಮೂಲ ಕೆಳಗೆ, ಮೂಲದ ಮಟ್ಟ 12 ಡೆಸಿಬಲ್ ಇಳಿಸಿ, ಅಂದರೆ ಸುಮಾರು ಕಾಲು ಪಾಲು. ಎರಡೂ ಕೂದಲೆಳೆಯಷ್ಟೂ ಹಿಂದು ಮುಂದಾಗಬಾರದು. 10 ಮಿಲಿಸೆಕೆಂಡ್ ಸರಿದರೂ ದನಿ ಪೈಪಿನೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ಅದಕ್ಕೇ ಎರಡರ ಅಲೆಗಳನ್ನೂ ದೊಡ್ಡದು ಮಾಡಿ ನೋಡಿ, ಒಂದೇ ಪದದ ಮೊನೆಯನ್ನು ಎರಡರಲ್ಲೂ ಹೊಂದಿಸಿ. ಫಲಿತಾಂಶವನ್ನು ವೇವ್ ಆಗಿಯೇ ಇಳಿಸಿಕೊಳ್ಳಿ, ಎಂಪಿ3 ತನ್ನದೇ ಒಂದಷ್ಟು ಮೌನವನ್ನು ಮುಂದೆ ಸೇರಿಸುತ್ತದೆ. ದನಿಯನ್ನು ಹೊಸದಾಗಿ ಕಟ್ಟುವ ಬಗೆಗೆ ಈ ಉಪಾಯ ನಡೆಯದು. ಅಲೆಗಳು ಮೂಲದ್ದಲ್ಲವಾದ್ದರಿಂದ ಒಬ್ಬರೇ ಇಬ್ಬರಾಗಿ ಮಾತಾಡಿದಂತೆ ಕೇಳಿಸುತ್ತದೆ.

ರೆಕಾರ್ಡಿಂಗನ್ನೂ ಬ್ರೌಸರ್‌ನಲ್ಲೇ ಮಾಡುವುದಾದರೆ ನಾಯ್ಸ್ ಸಪ್ರೆಶನ್ (ಸದ್ದು ತಗ್ಗಿಸುವುದು), ಎಕೋ ಕ್ಯಾನ್ಸಲೇಶನ್ (ಪ್ರತಿಧ್ವನಿ ತೆಗೆಯುವುದು), ಆಟೋ ಗೇನ್ (ಮಟ್ಟವನ್ನು ತಾನೇ ಏರಿಸಿ ಇಳಿಸುವುದು) ಮೂರನ್ನೂ ಆಫ್ ಮಾಡಿ. ಬಹುತೇಕ ಬ್ರೌಸರ್‌ಗಳಲ್ಲಿ ಅವು ಕೇಳದೇ ಚಾಲೂ ಇರುತ್ತವೆ. ಒಮ್ಮೆ ಸೋಸಿದ ದನಿಯನ್ನು ಎಐಗೆ ಮತ್ತೆ ಕೊಟ್ಟರೆ ಮೊದಲು ಹೋಗುವುದು ಉಸಿರೇ. ಆಟೋ ಗೇನ್ ಬೇರೆ, ನೀವು ಮಾತು ನಿಲ್ಲಿಸಿದಾಗಲೆಲ್ಲ ಫ್ಯಾನ್ ಸದ್ದನ್ನು ಎತ್ತಿ ಎತ್ತಿ ಕೊಡುತ್ತದೆ.